ಎ.ಐ. (ಕೃತಕ ಗರ್ಭಧಾರಣೆ) ಮಾಡಿಸಿದ ದಿನದಿಂದ 60ನೇ ದಿನದವರೆಗೆ: ಹಸುವಿನ ಹೊಟ್ಟೆಯಲ್ಲಿ ಏನು ನಡೆಯುತ್ತದೆ, ಕೊಟ್ಟಿಗೆಯಲ್ಲಿ ನೀವೇನು ಮಾಡಬೇಕು

"ಮೂರು ಸಲ ಎ.ಐ. ಮಾಡಿಸಿದೆ, ಹಸು ಗಬ್ಬ ಕಟ್ಟಲೇ ಇಲ್ಲ." ಹಾಲಿನ ಡೇರಿ ಮುಂದೆ ಈ ಮಾತು ಕೇಳದ ದಿನ ಇಲ್ಲ. ಕೇಳಿದವರು ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) ಸರಿಯಿಲ್ಲ ಅನ್ನುತ್ತಾರೆ, ಇಲ್ಲವೇ ಎ.ಐ. ಮಾಡಿದವರ ಕೈ ಸರಿಯಿಲ್ಲ ಅನ್ನುತ್ತಾರೆ. ಕೊನೆಗೆ ಹಸುವನ್ನೇ ಸಂತೆಗೆ ಹೊಡೆಯುತ್ತಾರೆ. ಆದರೆ "ಎಷ್ಟನೇ ದಿನಕ್ಕೆ ತಿರುಗಿ ಬೆದೆಗೆ ಬಂತು?" ಎಂದು ಕೇಳಿ ನೋಡಿ. ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಪಶುವೈದ್ಯರಿಗೆ ಮೊದಲು ಬೇಕಾಗಿರುವುದೇ ಆ ಸಂಖ್ಯೆ. ಎಲ್ಲಿ ಕೆಟ್ಟಿತು ಅನ್ನುವುದನ್ನು ಅದೇ ಹೇಳುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಆರೋಗ್ಯವಾಗಿರುವ ಹಸುವಿಗೆ ಸರಿಯಾದ ಹೊತ್ತಿಗೆ ಎ.ಐ. ಆದರೆ 100ರಲ್ಲಿ ಸುಮಾರು 90 ಸಲ ಅಂಡ ಮತ್ತು ವೀರ್ಯಾಣು ಸೇರಿಯೇ ಸೇರುತ್ತವೆ. ಆದರೆ ಆ ಒಂದು ಎ.ಐ.ಯಿಂದ ಕರು ಹುಟ್ಟುವುದು ಹೆಚ್ಚುಕಮ್ಮಿ ಅರ್ಧದಷ್ಟು ಸಲ ಮಾತ್ರ. ಹಾಲು ಜಾಸ್ತಿ ಕೊಡುವ ಹಸುಗಳಲ್ಲಿ ಅದಕ್ಕಿಂತಲೂ ಕಡಿಮೆ. ಅಂದರೆ ಗಬ್ಬ ನಿಲ್ಲದಿದ್ದಾಗಲೂ ಹೆಚ್ಚಿನ ಸಲ ಭ್ರೂಣ ಹುಟ್ಟಿರುತ್ತದೆ, ಉಳಿದಿರುವುದಿಲ್ಲ. ಹೀಗೆ ಸಾಯುವ ಭ್ರೂಣಗಳಲ್ಲಿ ಬಹುಪಾಲು ಮೊದಲ 16 ದಿನದೊಳಗೇ ಸಾಯುತ್ತವೆ. ನಮಗೆ ಕಾಣುವುದು "ಹಸು ತಿರುಗಿ ಬೆದೆಗೆ ಬಂತು" ಅನ್ನುವುದಷ್ಟೇ.

ಮೊದಲು ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ

ಕೊಟ್ಟಿಗೆಯಲ್ಲೇ ಹಾಕಿ, ಪೆನ್ನನ್ನೂ ಅಲ್ಲೇ ದಾರ ಕಟ್ಟಿ ನೇತುಹಾಕಿ. ಕರು ಹಾಕಿದ ದಿನ, ಬೆದೆ ಕಂಡ ದಿನ ಮತ್ತು ಹೊತ್ತು, ಎ.ಐ. ಆದ ದಿನ ಮತ್ತು ಹೊತ್ತು, ಸ್ಟ್ರಾ ಮೇಲಿದ್ದ ಹೋರಿಯ ನಂಬರು ಇಷ್ಟನ್ನು ಬರೆಯಿರಿ. ಮೊಬೈಲಿನಲ್ಲಿ ಬರೆದರೂ ಆಗುತ್ತದೆ. ಆದರೆ ಗೋಡೆ ಮೇಲಿದ್ದರೆ ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ. ಬೆಳಗ್ಗೆ ಹಾಲು ಕರೆಯುವವರು ಒಬ್ಬರು, ಸಂಜೆ ಮೇವು ಹಾಕುವವರು ಇನ್ನೊಬ್ಬರು ಅಲ್ವಾ?

ಕರು ಹಾಕಿ 60 ದಿನ ಆಗುವ ಮೊದಲು ಎ.ಐ.ಗೆ ಅವಸರ ಮಾಡಬೇಡಿ. ಗರ್ಭಕೋಶ ಕುಗ್ಗಿ, ಒಳಗಿನ ಪದರ ಹೊಸದಾಗಿ ಬೆಳೆಯಲು ಅಷ್ಟು ಸಮಯ ಬೇಕು. ಕಸ (ಮಾಸು) ತಡವಾಗಿ ಬಿದ್ದಿದ್ದರೆ ಅಥವಾ ಕೀವು ಬಂದಿದ್ದರೆ ಇನ್ನೂ ಸ್ವಲ್ಪ ಕಾದು, ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ.

ಬೆದೆಯ ದಿನ: ಗಂಟೆಯ ಲೆಕ್ಕ

ಹಸು ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದರ ಅಂಡಗಳೆಲ್ಲ ತಯಾರಾಗಿ, ವಿಭಜನೆಯ ನಡುವೆಯೇ ನಿಂತುಬಿಟ್ಟಿರುತ್ತವೆ. ವರ್ಷಗಟ್ಟಲೆ ಹಾಗೇ ಇರುತ್ತವೆ. ಬೆದೆ ಶುರುವಾಗುವ ಹೊತ್ತಿಗೆ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನ್ ಒಮ್ಮೆಲೇ ಜಾಸ್ತಿಯಾಗುತ್ತದೆ. ಆಗ ಒಂದು ಅಂಡಕ್ಕೆ ಎಚ್ಚರವಾಗುತ್ತದೆ. ನಿಂತಿದ್ದ ವಿಭಜನೆ ಮತ್ತೆ ಶುರುವಾಗಿ, ಇನ್ನೊಂದು ಹಂತಕ್ಕೆ ಬಂದು ಮತ್ತೆ ನಿಲ್ಲುತ್ತದೆ. ಬೆದೆ ಶುರುವಾದ 24ರಿಂದ 30 ಗಂಟೆಯೊಳಗೆ ಆ ಅಂಡ ಅಂಡಾಶಯದಿಂದ ಹೊರಬೀಳುತ್ತದೆ.

ಹೊರಬಿದ್ದ ಅಂಡ ಚೆನ್ನಾಗಿರುವುದು ಸುಮಾರು 8ರಿಂದ 12 ಗಂಟೆ. ವೀರ್ಯಾಣು ಒಳಗೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬದುಕುತ್ತದೆ. ಆದರೆ ಒಳಗೆ ಬಿಟ್ಟ ತಕ್ಷಣ ಅದು ಅಂಡವನ್ನು ಸೇರಲಾರದು. ಗರ್ಭಕೋಶ ಮತ್ತು ಅಂಡನಾಳದಲ್ಲಿ ಕೆಲವು ಗಂಟೆ ಕಳೆಯಬೇಕು. ಆ ಹೊತ್ತಿನಲ್ಲಿ ಅದರ ಹೊರಪದರದಿಂದ ಕೊಲೆಸ್ಟರಾಲ್ ಕಳಚುತ್ತದೆ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಬಾಲದ ಬೀಸು ಜೋರಾಗುತ್ತದೆ. ವೀರ್ಯಾಣುವಿಗೆ ಇಂಥ ಒಂದು ತಯಾರಿ ಬೇಕೇಬೇಕು ಎಂದು 1951ರಲ್ಲಿ ಎಂ. ಸಿ. ಚಾಂಗ್ ಮತ್ತು ಕಾಲಿನ್ ಆಸ್ಟಿನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡುಕೊಂಡರು.

ಬೆಳಗ್ಗೆ ಬೆದೆ ಕಂಡರೆ ಸಂಜೆ ಎ.ಐ., ಸಂಜೆ ಕಂಡರೆ ಮರುದಿನ ಬೆಳಗ್ಗೆ ಎ.ಐ. ಎಂಬ ಲೆಕ್ಕ ಬಂದಿರುವುದು ಹೀಗೆ. ಅಂಡ ಹೊರಬೀಳುವ ಹೊತ್ತಿಗೆ ವೀರ್ಯಾಣು ತಯಾರಾಗಿ ಅಂಡನಾಳದಲ್ಲಿ ಕಾಯುತ್ತಿರಬೇಕು.

ಬೆದೆ ಗುರುತಿಸುವುದೇ ಕಷ್ಟದ ಕೆಲಸ. ಇನ್ನೊಂದು ಹಸು ಮೇಲೆ ಹತ್ತಿದಾಗ ಅಲ್ಲಾಡದೆ ನಿಂತರೆ ಅದು ಖಚಿತ ಬೆದೆ. ಮನೆಯಲ್ಲಿ ಒಂದೇ ಹಸು ಇದ್ದರೆ ಆ ಗುರುತು ಸಿಗುವುದಿಲ್ಲ. ಆಗ ಕೂಗಾಟ, ಮೇವು ಬಿಡುವುದು, ಹಾಲು ಇಳಿಯುವುದು, ಮೇಲಿಂದ ಮೇಲೆ ಉಚ್ಚೆ ಹೊಯ್ಯುವುದು, ಬಾಲದ ಬುಡದಲ್ಲಿ ಗಾಜಿನಂತೆ ತಿಳಿಯಾದ ಲೋಳೆ ಇಳಿಬೀಳುವುದು ಇವನ್ನು ನೋಡಬೇಕು. ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಹೋಗಿ ನೋಡಿ. ಬೆದೆ 12ರಿಂದ 18 ಗಂಟೆ ಮಾತ್ರ ಇರುತ್ತದೆ. ರಾತ್ರಿ ಶುರುವಾದದ್ದು ನಿಮಗೆ ಗೊತ್ತಾಗದೆಯೇ ಮುಗಿದಿರಬಹುದು.

ಲೋಳೆ ಕದಡಿದ್ದರೆ, ಬಿಳಿ ಎಳೆ ಅಥವಾ ಕೀವು ಬೆರೆತಿದ್ದರೆ ಅವತ್ತು ಎ.ಐ. ಬೇಡ, ಮೊದಲು ಔಷಧಿ ಆಗಲಿ. ಲೋಳೆಯ ಜೊತೆ ರಕ್ತ ಕಂಡರೆ ಬೆದೆ ಮುಗಿದು ಒಂದೆರಡು ದಿನವಾಗಿದೆ ಎಂದರ್ಥ. ಗಬ್ಬ ಕಟ್ಟಿದೆಯೋ ಇಲ್ಲವೋ ಎಂಬುದಕ್ಕೂ ಆ ರಕ್ತಕ್ಕೂ ಸಂಬಂಧವಿಲ್ಲ. ಆಗ ಎ.ಐ. ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ. ತಾರೀಖು ಬರೆದಿಟ್ಟು 17ನೇ ದಿನದಿಂದ ಹಸುವಿನ ಮೇಲೆ ಕಣ್ಣಿಡಿ.

ಎ.ಐ. ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ

ಸ್ಟ್ರಾ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ನಮ್ಮ ಹೆಸರಘಟ್ಟದಂಥ ವೀರ್ಯ ಕೇಂದ್ರಗಳಿಂದ ಹೊರಟಾಗಿನಿಂದ ನಿಮ್ಮ ಕೊಟ್ಟಿಗೆಯವರೆಗೆ ಅದು ಹಾಗೇ ಇರಬೇಕು. ಒಂದು ಸ್ಟ್ರಾದಲ್ಲಿ ಇರುವುದು ಕಾಲು ಮಿಲಿಲೀಟರ್. ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣು.

ಬಂದವರು ಚಿಮಟದಿಂದ ಸ್ಟ್ರಾ ತೆಗೆಯುವಾಗ ಅದನ್ನು ಕ್ಯಾನಿನ ಬಾಯಿಯ ಮೇಲಕ್ಕೆ ಎತ್ತಿ ಹಿಡಿದು ಹುಡುಕುತ್ತಾ ನಿಲ್ಲಬಾರದು. ಸರಕ್ಕನೆ ತೆಗೆದು 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಮುಳುಗಿಸಬೇಕು. ನೀವು ಅದಕ್ಕೆ ಉಗುರು ಬೆಚ್ಚಗಿನ ನೀರು ಮತ್ತು ಒಂದು ಥರ್ಮಾಮೀಟರ್ ರೆಡಿ ಇಟ್ಟರೆ ಅರ್ಧ ಕೆಲಸ ಆದಂತೆ. ಅಂಗೈಯಲ್ಲಿ ಉಜ್ಜಿ ಕರಗಿಸುವುದು, ಜೇಬಿನಲ್ಲಿಟ್ಟುಕೊಳ್ಳುವುದು ಸರಿಯಲ್ಲ. ನಿಧಾನವಾಗಿ ಕರಗಿದರೆ ಒಳಗೆ ಹಿಮದ ಹರಳು ಮತ್ತೆ ಬೆಳೆದು ವೀರ್ಯಾಣುವಿನ ಪೊರೆಯನ್ನು ಹರಿಯುತ್ತವೆ. ನೀರಿನಿಂದ ತೆಗೆದ ಸ್ಟ್ರಾವನ್ನು ಒಣಗುವಂತೆ ಒರೆಸಿ ಕತ್ತರಿಸಬೇಕು. ಒಂದು ಹನಿ ನೀರು ತಾಗಿದರೂ ವೀರ್ಯಾಣುಗಳಿಗೆ ಪೆಟ್ಟು. ಕರಗಿದ ಮೇಲೆ ತಡಮಾಡದೆ ಗರ್ಭಕೋಶದ ಕೊರಳು ದಾಟಿದ ಕೂಡಲೇ ಸಿಗುವ ಜಾಗದಲ್ಲಿ ಬಿಡಬೇಕು.

ಹೆಣ್ಣು ಕರುವಿಗಾಗಿ ಬೇರ್ಪಡಿಸಿದ ವೀರ್ಯದ ಸ್ಟ್ರಾ ಆದರೆ ಅದರಲ್ಲಿ ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆ. ಸಮಯ ತಪ್ಪಿದರೆ ಅದು ಕ್ಷಮಿಸುವುದಿಲ್ಲ. ಅಂಥದ್ದನ್ನು ಚೆನ್ನಾಗಿ ಬೆಳೆದ ಕಡಸುಗಳಿಗೆ ಬಳಸುವುದು ಒಳ್ಳೆಯದು. ಗಬ್ಬ ನಿಲ್ಲದೆ ಪದೇಪದೇ ಬೆದೆಗೆ ತಿರುಗುವ ಹಸುವಿಗೆ ಬೇಡ.

2 ಕೋಟಿಯಲ್ಲಿ ಅಂಡನಾಳ ಮುಟ್ಟುವುದು ಕೆಲವೇ ಸಾವಿರ. ಅಂಡದೊಳಗೆ ಹೋಗುವುದು ಒಂದು. ಆ ಒಂದರ ತಲೆಯ ಮೇಲೆ ಇಜುಮೊ ಎಂಬ ಪ್ರೋಟೀನ್ ಇರುತ್ತದೆ. ಅದನ್ನು 2005ರಲ್ಲಿ ಜಪಾನಿನಲ್ಲಿ ಇಲಿಗಳಲ್ಲಿ ಗುರುತಿಸಿ, ಮದುವೆಯ ದೈವಕ್ಕೆ ಹೆಸರಾದ ಅಲ್ಲಿನ ಒಂದು ದೇಗುಲದ ಹೆಸರಿಟ್ಟರು. ಅಂಡದ ಮೇಲೆ ಅದಕ್ಕೆ ಜೋಡಿಯಾಗುವ ಪ್ರೋಟೀನ್ ಜುನೊ. ಅದು ಗೊತ್ತಾಗಿದ್ದು 2014ರಲ್ಲಿ. ಇವೆರಡೂ ಒಂದನ್ನೊಂದು ಹಿಡಿದುಕೊಂಡ ಮೇಲೆ ವೀರ್ಯಾಣು ಒಳಗೆ ಸೇರಿ, ತಾನು ತಂದ ಒಂದು ಕಿಣ್ವದಿಂದ ಅಂಡದಲ್ಲಿ ಕ್ಯಾಲ್ಸಿಯಂ ಏರಿಳಿತ ಎಬ್ಬಿಸುತ್ತದೆ. ಅಂಡದ ಹೊರಕವಚ ಗಟ್ಟಿಯಾಗಿ ಬೇರೆ ವೀರ್ಯಾಣುಗಳಿಗೆ ದಾರಿ ಮುಚ್ಚುತ್ತದೆ. ಎರಡನೇ ಸಲ ನಿಂತಿದ್ದ ವಿಭಜನೆ ಆಗ ಮುಗಿಯುತ್ತದೆ.

ಮೊದಲ 3 ದಿನ: ತಾಯಿ ಕಟ್ಟಿಕೊಟ್ಟ ಬುತ್ತಿ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಭ್ರೂಣ ಎರಡಾಗಿ, ನಾಲ್ಕಾಗಿ, ಎಂಟು ಕೋಶಗಳಾಗಿ ಒಡೆಯುವವರೆಗೆ ಅದರ ಸ್ವಂತ ಜೀನ್‌ಗಳು ಹೆಚ್ಚುಕಮ್ಮಿ ಸುಮ್ನೆ ಇರುತ್ತವೆ. ಆ ದಿನಗಳ ಕೆಲಸವೆಲ್ಲ ನಡೆಯುವುದು ಅಂಡದೊಳಗೆ ಮೊದಲೇ ತುಂಬಿಟ್ಟ ಆರ್‌ಎನ್‌ಎ (ಜೀನ್‌ಗಳ ಸಂದೇಶ ಹೊತ್ತ ಅಣು) ಮತ್ತು ಪ್ರೋಟೀನ್‌ಗಳಿಂದ. ತಾಯಿ ದಾರಿಗೆ ಕಟ್ಟಿಕೊಟ್ಟ ಬುತ್ತಿಯ ಹಾಗೆ. ಇಲಿಯಲ್ಲಿ ಈ ಬುತ್ತಿ ಎರಡು ಕೋಶದ ಹಂತಕ್ಕೇ ಮುಗಿಯುತ್ತದೆ. ಮನುಷ್ಯರಲ್ಲಿ ನಾಲ್ಕರಿಂದ ಎಂಟು ಕೋಶದ ಹಂತಕ್ಕೆ. ಹಸುವಿನಲ್ಲಿ ಎಂಟರಿಂದ ಹದಿನಾರು ಕೋಶದ ಹಂತ, ಅಂದರೆ ಸುಮಾರು 3-4ನೇ ದಿನ. ಆಗ ಭ್ರೂಣ ತನ್ನ ಜೀನ್‌ಗಳನ್ನು ತಾನೇ ಓದಲು ಶುರುಮಾಡುತ್ತದೆ.

ಬಿಸಿಲಿನ ವಿಷಯ ಇಲ್ಲೇ ಬರುತ್ತದೆ. ಮೈ ಕಾದಾಗ ಜೀವಕೋಶಗಳು ತಮ್ಮನ್ನು ಕಾಪಾಡಿಕೊಳ್ಳಲು ಕೆಲವು ಪ್ರೋಟೀನ್‌ಗಳನ್ನು ತಕ್ಷಣ ತಯಾರಿಸುತ್ತವೆ. ಸ್ವಂತ ಜೀನ್ ಇನ್ನೂ ಓದಲಾಗದ ಭ್ರೂಣಕ್ಕೆ ಆ ಶಕ್ತಿ ತೀರಾ ಕಡಿಮೆ. ಅದಕ್ಕೇ ಎ.ಐ. ಆದ ಮೊದಲ ಒಂದೆರಡು ದಿನ ಹಸುವಿನ ಮೈ ಬಿಸಿ ಏರಿದರೆ ಭ್ರೂಣ ಸುಲಭವಾಗಿ ಸಾಯುತ್ತದೆ. 3ನೇ ದಿನ ದಾಟಿದ ಮೇಲೆ ಅದೇ ಬಿಸಿಯನ್ನು ಅದು ಎಷ್ಟೋ ಚೆನ್ನಾಗಿ ತಡೆಯುತ್ತದೆ.

ಹಾಗಾಗಿ ಎ.ಐ. ಆದ ದಿನ ಮತ್ತು ಅದರ ನಂತರದ ಮೂರು ದಿನ ಹಸುವನ್ನು ಬಿಸಿಲಿಗೆ ಕಟ್ಟಬೇಡಿ, ದೂರ ನಡೆಸಬೇಡಿ, ವಾಹನಕ್ಕೆ ಹತ್ತಿಸಬೇಡಿ. ಶೀಟಿನ ಸೂರಿದ್ದರೆ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ. ಮಧ್ಯಾಹ್ನ ಮೈ ಮೇಲೆ ನೀರು ಹಾಕಿದರೆ ಜೊತೆಗೆ ಫ್ಯಾನ್ ಇರಲಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ಬರೀ ನೀರು ಸುರಿದರೆ ಸೆಕೆ ಇನ್ನೂ ಜಾಸ್ತಿಯಾಗುತ್ತದೆ. ಕುಡಿಯುವ ನೀರು ಇಡೀ ದಿನ ಮುಂದಿರಲಿ. ಹಿಂಡಿ, ಮೇವಿನ ದೊಡ್ಡ ಪಾಲನ್ನು ತಂಪು ಹೊತ್ತಿಗೆ ಕೊಡಿ. ಮಧ್ಯಾಹ್ನ 3 ಗಂಟೆಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಮಾಮೂಲು 101.5 ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. 102.5 ದಾಟುತ್ತಿದ್ದರೆ ನೀವು ಮಾಡಿದ ತಂಪು ಸಾಲದು.

ಬುತ್ತಿ ಕಟ್ಟುವ ಕೆಲಸ ಎ.ಐ.ಗಿಂತ ಬಹಳ ಮುಂಚೆ ನಡೆದಿರುತ್ತದೆ ಎಂಬುದನ್ನೂ ಮರೆಯಬಾರದು. ಇವತ್ತು ಹೊರಬಿದ್ದ ಅಂಡ ಬೆಳೆಯಲು ಶುರುಮಾಡಿದ್ದು ಮೂರು ತಿಂಗಳ ಹಿಂದೆ. ಕರು ಹಾಕಿದ ಹೊಸದರಲ್ಲಿ ಹಸು ಮೈ ಇಳಿಸಿಕೊಂಡು ಹಾಲು ಕೊಡುತ್ತಿದ್ದರೆ ಅದರ ಪೆಟ್ಟು ಆಗ ಬೆಳೆಯುತ್ತಿದ್ದ ಅಂಡಗಳಿಗೂ ತಗಲುತ್ತದೆ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್-ಮೇ ಬಿಸಿಲಿನ ಪರಿಣಾಮ ಮಳೆ ಬಿದ್ದ ಮೇಲೂ ಒಂದೆರಡು ತಿಂಗಳು ಕಾಣುವುದು ಇದರಿಂದಲೇ. ತುಂಬು ಗಬ್ಬದಲ್ಲೂ ಕರು ಹಾಕಿದ ಮೊದಲ ತಿಂಗಳಲ್ಲೂ ಹೊಟ್ಟೆ ತುಂಬ ಮೇವು, ಹಿಂಡಿ, ಖನಿಜ ಮಿಶ್ರಣ ಕೊಡುವುದೆಂದರೆ ಮುಂದಿನ ಗಬ್ಬಕ್ಕೂ ಕೊಟ್ಟಂತೆ.

4ರಿಂದ 12ನೇ ದಿನ

4-5ನೇ ದಿನ ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುತ್ತದೆ. 7ನೇ ದಿನಕ್ಕೆ ಒಳಗೆ ನೀರು ತುಂಬಿದ ಸಣ್ಣ ಗೋಳ. ಅಲ್ಲಿಯವರೆಗೆ ಒಂದೇ ಥರ ಇದ್ದ ಕೋಶಗಳು ಈಗ ಎರಡು ಗುಂಪಾಗುತ್ತವೆ. ಹೊರಗಿನವು ಮುಂದೆ ಮಾಸಾಗುತ್ತವೆ, ಒಳಗಿನ ಗುಂಪಿನಿಂದ ಕರು ಬೆಳೆಯುತ್ತದೆ. ಹೊರಗಿನವುಗಳಲ್ಲಿ ಸಿಡಿಎಕ್ಸ್2 ಎಂಬ ಜೀನ್ ಜೋರಾಗುತ್ತದೆ. ಒಳಗಿನವುಗಳಲ್ಲಿ ಆಕ್ಟ್4 ಉಳಿದುಕೊಳ್ಳುತ್ತದೆ. ಭ್ರೂಣ ವರ್ಗಾವಣೆ ಮಾಡುವವರು ಭ್ರೂಣ ತೆಗೆಯುವುದು, ಇನ್ನೊಂದು ಹಸುವಿಗೆ ಇಡುವುದು ಈ 7ನೇ ದಿನವೇ. 9-10ನೇ ದಿನ ಅದು ಕವಚ ಒಡೆದು ಹೊರಬರುತ್ತದೆ.

ಅಂಡ ಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಹಳದಿ ಗ್ರಂಥಿ ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನ್ ಬಿಡುತ್ತಿರುತ್ತದೆ. ಅದು ಗರ್ಭಕೋಶದ ಗ್ರಂಥಿಗಳಿಂದ ರಸ ಒಸರುವಂತೆ ಮಾಡುತ್ತದೆ. ಭ್ರೂಣಕ್ಕೆ ಈಗ ಆ ರಸವೇ ಊಟ. ಹಾಲು ಜಾಸ್ತಿ ಕೊಡುವ ಹಸು ಮೇವನ್ನೂ ಜಾಸ್ತಿ ತಿನ್ನುತ್ತದೆ, ಲಿವರಿಗೆ ರಕ್ತ ಜಾಸ್ತಿ ಹರಿದು ಪ್ರೊಜೆಸ್ಟರಾನ್ ಬೇಗ ಕರಗುತ್ತದೆ. ಅಂಥ ಹಸುಗಳಲ್ಲಿ ಭ್ರೂಣ ನಿಧಾನವಾಗಿ ಬೆಳೆಯುತ್ತದೆ. ಈ ದಿನಗಳಲ್ಲಿ ನಿಮ್ಮಿಂದ ಆಗಬೇಕಾದ್ದು ಇಷ್ಟೇ: ಮೇವು ಹಠಾತ್ತನೆ ಬದಲಿಸಬೇಡಿ, ಬೂಸಲು ಹಿಡಿದ ಹಿಂಡಿ ಹಾಕಬೇಡಿ, ಜ್ವರ ಅಥವಾ ಕೆಚ್ಚಲು ಬಾವು ಕಂಡರೆ ಅವತ್ತೇ ತೋರಿಸಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962.

13ರಿಂದ 17ನೇ ದಿನ: ತಾಯಿಗೆ ಸುದ್ದಿ ಮುಟ್ಟಬೇಕು

12ನೇ ದಿನ ಒಂದೆರಡು ಮಿಲಿಮೀಟರ್ ಇದ್ದ ಭ್ರೂಣ ಈಗ ಉದ್ದವಾಗತೊಡಗುತ್ತದೆ. 16-17ನೇ ದಿನದ ಹೊತ್ತಿಗೆ ಹತ್ತು ಸೆಂಟಿಮೀಟರ್ ದಾಟಿರುತ್ತದೆ. ಗರ್ಭಕೋಶವನ್ನು ತೊಳೆದು ಗಾಜಿನ ತಟ್ಟೆಗೆ ಬಿಟ್ಟರೆ ಕಾಣುವುದು ಬೆಳ್ಳಗಿನ, ಸುಕ್ಕುಸುಕ್ಕಾದ ತೆಳು ಎಳೆ. ಕೈಗೆ ಅಂಟುತ್ತದೆ, ಸ್ವಲ್ಪ ಎಳೆದರೂ ಹರಿಯುತ್ತದೆ. ಕರು ಆಗಬೇಕಾದ ಭಾಗ ಅದರ ನಡುವೆ ಒಂದು ಚುಕ್ಕೆಯಷ್ಟು. ಮಿಕ್ಕಿದ್ದೆಲ್ಲ ಮುಂದೆ ಮಾಸಾಗುವ ಪದರ. ಇನ್ನೂ ಗರ್ಭಕೋಶಕ್ಕೆ ಅಂಟಿಕೊಂಡೇ ಇಲ್ಲ.

ಭ್ರೂಣ ಉದ್ದವಾಗಲೇಬೇಕಾದ ಕಾರಣ ಇದೆ. ಗಬ್ಬ ಇಲ್ಲ ಎಂದಾದರೆ ಸುಮಾರು 16-17ನೇ ದಿನ ಗರ್ಭಕೋಶ ಪ್ರೋಸ್ಟಾಗ್ಲಾಂಡಿನ್ ಬಿಟ್ಟು ಹಳದಿ ಗ್ರಂಥಿಯನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ, ಹಸು 21ನೇ ದಿನದ ಆಸುಪಾಸು ಬೆದೆಗೆ ಬರುತ್ತದೆ. ಬೆದೆಗೆ ತರಿಸಲು ವೈದ್ಯರು ಕೊಡುವ "ಪಿಜಿ ಇಂಜೆಕ್ಷನ್" ಇದೇ ವಸ್ತುವಿನ ಜಾತಿಯದು. ಇದನ್ನು ತಡೆಯಲು ಭ್ರೂಣದ ಹೊರಪದರ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಬಿಡುತ್ತದೆ. ಅದು ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜನ್ ಮತ್ತು ಆಕ್ಸಿಟೋಸಿನ್ ಹಾರ್ಮೋನ್‌ಗಳನ್ನು ಹಿಡಿಯುವ ಗ್ರಾಹಕಗಳು ಮೂಡದಂತೆ ಮಾಡುತ್ತದೆ. ಆಗ ಪ್ರೋಸ್ಟಾಗ್ಲಾಂಡಿನ್ ಬಿಡು ಎಂಬ ಆಜ್ಞೆ ಒಳಪದರಕ್ಕೆ ಮುಟ್ಟುವುದಿಲ್ಲ. ಎಳೆ ಎಷ್ಟು ಉದ್ದವೋ ಅಷ್ಟು ಹೆಚ್ಚು ಸುದ್ದಿ. ಗಿಡ್ಡವಾಗಿ ಉಳಿದ ಭ್ರೂಣ ಬದುಕಿದ್ದರೂ ತಾಯಿಗೆ ಗೊತ್ತಾಗುವುದಿಲ್ಲ. ಬೆದೆ ಬಂದು ಅದೂ ಕೊಚ್ಚಿಹೋಗುತ್ತದೆ.

ಕುರಿಯ ಭ್ರೂಣ ಬಿಡುವ ಈ ಪ್ರೋಟೀನ್, ವೈರಸ್ ಬಂದಾಗ ದೇಹ ತಯಾರಿಸುವ ಇಂಟರ್‌ಫೆರಾನ್‌ಗಳ ಕುಟುಂಬದ್ದೇ ಎಂದು 1987ರಲ್ಲಿ ಗೊತ್ತಾಯಿತು. ರೋಗದ ವಿರುದ್ಧ ಹೋರಾಡುವ ಪ್ರೋಟೀನ್ ಇಲ್ಲಿ ತಾಯಿಗೆ ಮಗುವಿನ ಸುದ್ದಿ ಹೇಳುತ್ತಿದೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಬೆರಗಿನ ವಿಷಯವೇ.

ಮನುಷ್ಯರಲ್ಲಿ ಈ ಸುದ್ದಿ ಹೇಳುವುದು ಎಚ್‌ಸಿಜಿ ಎಂಬ ಬೇರೆ ಹಾರ್ಮೋನ್. ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ ಹಿಡಿಯುವುದು ಅದನ್ನೇ. ಹಸುವಿನಲ್ಲಿ ಅದು ಇಲ್ಲ. ಹಾಗಾಗಿ ಹಸುವಿನ ಉಚ್ಚೆಯನ್ನು ಆ ಕಿಟ್‌ಗೆ ಹಾಕಿ ನೋಡುವುದರಿಂದ ಏನೂ ತಿಳಿಯುವುದಿಲ್ಲ.

ತಿರುಗಿ ಬೆದೆಗೆ ಬಂದರೆ: ದಿನ ಎಣಿಸಿ

17ನೇ ದಿನದಿಂದ 24ನೇ ದಿನದವರೆಗೆ ದಿನಕ್ಕೆ ಮೂರು ಹೊತ್ತು ನೋಡಿ. ಬೆದೆ ಕಂಡರೆ ಕ್ಯಾಲೆಂಡರ್ ಮುಂದೆ ನಿಂತು ಎಣಿಸಿ.

8-10 ದಿನಕ್ಕೇ ನಿಜವಾದ ಬೆದೆ ಕಂಡರೆ ಹಿಂದಿನ ಎ.ಐ. ಬೆದೆ ಇಲ್ಲದ ದಿನ ಆಗಿರುವ ಸಾಧ್ಯತೆ ಹೆಚ್ಚು. ಬೆದೆ ನೋಡುವ ಕೆಲಸ ಸುಧಾರಿಸಬೇಕು.

18ರಿಂದ 24 ದಿನಕ್ಕೆ ಬಂದರೆ ಅಂಡ ಫಲಿಸಿಲ್ಲ, ಇಲ್ಲವೇ ಭ್ರೂಣ ಸುದ್ದಿ ಮುಟ್ಟಿಸುವ ಮೊದಲೇ ಸತ್ತಿದೆ. ಎ.ಐ. ಸಮಯ, ಸ್ಟ್ರಾ ಕರಗಿಸಿದ ರೀತಿ, ಮೊದಲ ಮೂರು ದಿನದ ಬಿಸಿಲು, ಹಸುವಿನ ಮೈಕಟ್ಟು ಇವನ್ನು ಒಂದೊಂದಾಗಿ ನೋಡಿ. ಇದೇ ಲೆಕ್ಕದಲ್ಲಿ ಮೂರು ಸಲ ತಿರುಗಿದರೆ ನಾಲ್ಕನೆಯದಕ್ಕೆ ಹೋಗುವ ಮೊದಲು ವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ. ಹೊರಗೆ ಕಾಣದ ಸೋಂಕು ಅಥವಾ ತಡವಾಗಿ ಬೀಳುವ ಅಂಡ ಅಲ್ಲಿ ಸಿಕ್ಕಿಬೀಳಬಹುದು.

25ರಿಂದ 35 ದಿನದೊಳಗೆ ಬಂದರೆ ಕಥೆ ಬೇರೆ. ಹಸು 21ಕ್ಕೆ ಬರಲಿಲ್ಲ ಎಂದರೆ ಸುದ್ದಿ ಮುಟ್ಟಿತ್ತು, ಆಮೇಲೆ ಭ್ರೂಣ ಹೋಗಿದೆ ಎಂದು ಅನುಮಾನಿಸಬೇಕು. ಇಲ್ಲಿ ಸ್ಟ್ರಾವನ್ನೋ ಸಮಯವನ್ನೋ ದೂರಿದರೆ ಪ್ರಯೋಜನವಿಲ್ಲ. ಸೋಂಕು, ಜ್ವರ, ಮೇವಿನ ಕಡೆ ನೋಡಬೇಕು. 40ರಿಂದ 45 ದಿನಕ್ಕೆ ಬಂದರೆ ಹೆಚ್ಚಾಗಿ ನಡುವಿನ ಒಂದು ಬೆದೆ ನಿಮ್ಮ ಕಣ್ಣು ತಪ್ಪಿದೆ.

28ರಿಂದ 60ನೇ ದಿನ

ಬೆದೆಗೆ ಬರಲಿಲ್ಲ ಎಂದ ಮಾತ್ರಕ್ಕೆ ಗಬ್ಬ ಅಂದುಕೊಳ್ಳಬೇಡಿ. ಬೆದೆಯೇ ನಿಂತುಹೋದ ಹಸುವೂ ಹಾಗೇ ಇರುತ್ತದೆ. 28-30ನೇ ದಿನದಿಂದ ಅಲ್ಟ್ರಾಸೌಂಡಿನಲ್ಲಿ ಭ್ರೂಣದ ಎದೆಬಡಿತ ಕಾಣುತ್ತದೆ. ಮಾಸಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ಬಿಡುವ ಪಿಎಜಿ ಎಂಬ ಪ್ರೋಟೀನ್‌ಗಳನ್ನು ಪರೀಕ್ಷಿಸಿಯೂ ಸುಮಾರು ಇದೇ ಹೊತ್ತಿಗೆ ಹೇಳಬಹುದು. ಈ ಸೌಲಭ್ಯ ಹತ್ತಿರದಲ್ಲಿ ಇಲ್ಲದಿದ್ದರೆ 60ನೇ ದಿನ ಕೈ ಹಾಕಿ ನೋಡುವ ಪರೀಕ್ಷೆ ಸಾಕು. 30ಕ್ಕೆ ಗಬ್ಬ ಎಂದು ಗೊತ್ತಾಗಿದ್ದರೂ 60ಕ್ಕೆ ಇನ್ನೊಮ್ಮೆ ನೋಡಿಸಿ. ಈ ನಡುವೆ ಜಾರಿಹೋಗುವ ಗಬ್ಬಗಳೂ ಇವೆ.

ಗಬ್ಬದ ಕೆಲವು ಹಸುಗಳು ನಡುವೆ ಒಮ್ಮೆ ಬೆದೆಯ ಗುರುತು ತೋರಿಸುತ್ತವೆ. ಎ.ಐ. ಆಗಿ ತಿಂಗಳು ದಾಟಿದ ಹಸು ಹೀಗೆ ಮಾಡಿದರೆ ಪರೀಕ್ಷೆ ಮಾಡಿಸದೆ ಮತ್ತೆ ಎ.ಐ. ಮಾಡಿಸಬೇಡಿ. ಎ.ಐ. ಮಾಡುವ ಗನ್ (ಸ್ಟ್ರಾ ಕೂರಿಸಿ ಒಳಗೆ ಹಾಕುವ ಕಡ್ಡಿ) ಗರ್ಭಕೋಶದ ಕೊರಳು ದಾಟಿದರೆ ಒಳಗಿರುವ ಗಬ್ಬ ಹೋಗಬಹುದು. ಪಿಜಿ ಇಂಜೆಕ್ಷನ್ ವಿಷಯದಲ್ಲಂತೂ ಇನ್ನೂ ಬಿಗಿಯಾಗಿರಿ. ಅದು ಹಳದಿ ಗ್ರಂಥಿಯನ್ನು ಕರಗಿಸುತ್ತದೆ, ಗಬ್ಬ ನಿಂತಿರುವುದೇ ಆ ಗ್ರಂಥಿಯ ಮೇಲೆ. "ಬೆದೆಗೇ ಬಂದಿಲ್ಲ, ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಕೇಳುವ ಮೊದಲು ಕ್ಯಾಲೆಂಡರನ್ನು ವೈದ್ಯರಿಗೆ ತೋರಿಸಿ, ಹಿಂದಿನ ಎ.ಐ. ತಾರೀಖು ಹೇಳಿ, ಗಬ್ಬ ಪರೀಕ್ಷೆ ಮಾಡಿಸಿ. ಆಮೇಲೆ ಇಂಜೆಕ್ಷನ್ ಮಾತು.